ಸಣ್ಣ ನಾಯಿಗೆ ಆಹಾರ ಒಗ್ಗದಿದ್ದರೆ: ಎಂಟು ವಾರಗಳ ಪಥ್ಯವೇ ಪರೀಕ್ಷೆ

ಗದಗ-ಬೆಟಗೇರಿ ಅವಳಿ ನಗರ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದಲ್ಲಿ ನಾಯಿ ಸಾಕುವುದು ಹೊಸ ರೂಢಿಯೇನಲ್ಲ. ಹೊಲ, ಕಣ, ಕುರಿಹಟ್ಟಿಗಳನ್ನು ಕಾಯುವ ನಾಯಿಗಳು ಇಲ್ಲಿ ಹಿಂದಿನಿಂದಲೂ ಇವೆ. ಮನೆಯೊಳಗೇ ಬೆಳೆಯುವ ಸಣ್ಣ ತಳಿಯ ನಾಯಿಗಳ ಕಥೆ ಮಾತ್ರ ಬೇರೆ. ಸಾಮಾನ್ಯವಾಗಿ ಜನ 'ಪಮೇರಿಯನ್' ಎಂದೇ ಕರೆಯುವ, ಐದಾರು ಕಿಲೋ ತೂಗುವ ಇಂಡಿಯನ್ ಸ್ಪಿಟ್ಜ್ ಹಲವು ದಶಕಗಳಿಂದ ಮಧ್ಯಮ ವರ್ಗದ ಮನೆಗಳ ನಾಯಿಯಾಗಿದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಪ್ರಸಾರವಾದ ಬಳಿಕ ಪಗ್ ತಳಿಯೂ ಮನೆಮಾತಾಯಿತು. ಡ್ಯಾಶ್‌ಹುಂಡ್, ಶಿಟ್ಜು ತಳಿಗಳೂ ಈ ಸಾಲಿಗೆ ಸೇರಿವೆ.

ಹೊಲದ ನಾಯಿ ಏನು ತಿಂದಿತು, ಏನು ಬಿಟ್ಟಿತು ಎಂದು ಲೆಕ್ಕವಿಡುವವರಿಲ್ಲ. ಆದರೆ ಮನೆಯೊಳಗಿನ ಸಣ್ಣ ನಾಯಿ ಎಡೆಬಿಡದೆ ಪಾದ ನೆಕ್ಕಿಕೊಳ್ಳುವುದು, ಕಿವಿ ಕೆರೆದುಕೊಳ್ಳುವುದು, ವಾರಕ್ಕೆರಡು ಬಾರಿ ವಾಂತಿ ಮಾಡುವುದು ತಕ್ಷಣ ಕಣ್ಣಿಗೆ ಬೀಳುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸವೆಂದರೆ ಆಹಾರ ಬದಲಿಸುವುದು. ಒಂದು ಚೀಲ ಮುಗಿಯುವ ಮುನ್ನವೇ ಇನ್ನೊಂದು ಕಂಪನಿಯ ಚೀಲ ಬರುತ್ತದೆ. ಹಣ ಖರ್ಚಾಗುತ್ತದೆ, ತುರಿಕೆ ಉಳಿಯುತ್ತದೆ.

ಯಾವ ಆಹಾರ ಉತ್ತಮ ಎಂಬ ಪ್ರಶ್ನೆಗೆ ಮುನ್ನ, ಆ ನಾಯಿಗೆ ಯಾವ ಪದಾರ್ಥ ಒಗ್ಗುತ್ತಿಲ್ಲ ಎಂಬುದು ಗೊತ್ತಾಗಬೇಕು. ಅದನ್ನು ಕಂಡುಹಿಡಿಯಲು ಪಶುವೈದ್ಯ ವಿಜ್ಞಾನ ಇಂದಿಗೂ ನಂಬುವ ವಿಧಾನ ಒಂದೇ: ಕಟ್ಟುನಿಟ್ಟಾದ ಪಥ್ಯ ಮತ್ತು ಆ ಬಳಿಕದ ಮರುಪರೀಕ್ಷೆ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮನೆಮಂದಿಯೆಲ್ಲರ ಸಹಕಾರ ಮಾತ್ರ ಬೇಕು.

ಅಲರ್ಜಿ ಬೇರೆ, ಜೀರ್ಣವಾಗದಿರುವುದು ಬೇರೆ

ಆಹಾರ ಒಗ್ಗದಿರುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಅಲರ್ಜಿ. ಆಹಾರದಲ್ಲಿರುವ ಯಾವುದೋ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಭಾವಿಸಿ ಅದರ ವಿರುದ್ಧ ತಿರುಗಿಬೀಳುತ್ತದೆ. ಇದರ ಮುಖ್ಯ ಲಕ್ಷಣ ತುರಿಕೆ. ಪಾದ, ಕಿವಿ, ಕಂಕುಳು, ಹೊಟ್ಟೆಯ ಕೆಳಭಾಗ ಹಾಗೂ ಗುದದ್ವಾರದ ಸುತ್ತ ತುರಿಕೆ ಹೆಚ್ಚು. ಕಿವಿಸೋರುವಿಕೆ ಮರುಕಳಿಸುತ್ತದೆ. ಕೆಲವು ನಾಯಿಗಳಲ್ಲಿ ಇದರೊಂದಿಗೆ ವಾಂತಿ, ಭೇದಿಯೂ ಇರುತ್ತವೆ.

ಎರಡನೆಯದು ಜೀರ್ಣಶಕ್ತಿಗೆ ಸಂಬಂಧಿಸಿದ ಅಸಹಿಷ್ಣುತೆ. ಇದರಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವಿಲ್ಲ. ಹಾಲು ಇದಕ್ಕೆ ಒಳ್ಳೆಯ ಉದಾಹರಣೆ. ಬೆಳೆದ ಅನೇಕ ನಾಯಿಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಕಡಿಮೆಯಾಗಿರುತ್ತದೆ. ಅಂತಹ ನಾಯಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ.

ಈ ವ್ಯತ್ಯಾಸ ಕೇವಲ ಪುಸ್ತಕದ್ದಲ್ಲ. ಹಾಲಿನ ಸಕ್ಕರೆ ಜೀರ್ಣವಾಗದ ನಾಯಿಗೆ ಮೊಸರು, ಮಜ್ಜಿಗೆ ಸ್ವಲ್ಪಮಟ್ಟಿಗೆ ಒಗ್ಗಬಹುದು, ಏಕೆಂದರೆ ಹೆಪ್ಪುಗಟ್ಟುವಾಗ ಲ್ಯಾಕ್ಟೋಸ್ ಪ್ರಮಾಣ ತಗ್ಗುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ನಾಯಿಗೆ ಮಜ್ಜಿಗೆಯೂ ಹಾಲಿನಷ್ಟೇ ತೊಂದರೆ ಕೊಡುತ್ತದೆ. ಆಕಳ ಹಾಲು ಬಿಟ್ಟು ಎಮ್ಮೆ ಹಾಲು ಹಾಕಿದರೂ ಪ್ರಯೋಜನವಿಲ್ಲ. ಎರಡರ ಪ್ರೋಟೀನುಗಳು ಬಹುಮಟ್ಟಿಗೆ ಒಂದೇ ತೆರನಾಗಿವೆ. ಬ್ರಾಯ್ಲರ್ ಕೋಳಿ ಒಗ್ಗದ ನಾಯಿಗೆ ಜವಾರಿ ಕೋಳಿ ಒಗ್ಗುತ್ತದೆ ಎಂಬ ನಂಬಿಕೆಗೂ ಇದೇ ಉತ್ತರ ಅನ್ವಯಿಸುತ್ತದೆ.

"ವರ್ಷಗಳಿಂದ ಇದನ್ನೇ ತಿನ್ನುತ್ತಿದೆ, ಈಗೇಕೆ ತೊಂದರೆ?" ಎಂಬುದು ಮಾಲೀಕರ ಸಾಮಾನ್ಯ ಪ್ರಶ್ನೆ. ಅಲರ್ಜಿ ಉಂಟಾಗಲು ಆ ಪದಾರ್ಥದೊಡನೆ ಮೊದಲೇ ಪರಿಚಯವಾಗಿರಬೇಕು. ಆದ್ದರಿಂದ ದಿನನಿತ್ಯ ತಿನ್ನುವ ಪದಾರ್ಥವೇ ಅಪರಾಧಿಯಾಗಿರುವ ಸಾಧ್ಯತೆ ಹೆಚ್ಚು.

ಮೊದಲು ಚಿಗಟ, ಉಣ್ಣೆ, ನುಸಿ

ತುರಿಕೆ ಎಂದಾಕ್ಷಣ ಆಹಾರವನ್ನೇ ದೂರುವುದು ಸರಿಯಲ್ಲ. ಚಿಗಟ, ಉಣ್ಣೆ, ಕಜ್ಜಿ ತರುವ ನುಸಿ, ಶಿಲೀಂಧ್ರ ಸೋಂಕು, ಪರಾಗ ಅಥವಾ ಮನೆಯ ದೂಳಿನಿಂದ ಬರುವ ಅಲರ್ಜಿ ಇವೆಲ್ಲ ಅದೇ ಬಗೆಯ ತುರಿಕೆ ತರುತ್ತವೆ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತಗಳು ಸಾಕು, ಬಾಲದ ಬುಡದಲ್ಲಿ ಕೂದಲು ಉದುರುವಷ್ಟು ತುರಿಕೆ ಬರುತ್ತದೆ. ಭೇದಿಗೆ ಜಂತುಹುಳು, ಜಿಯಾರ್ಡಿಯಾದಂತಹ ಪರೋಪಜೀವಿಗಳೂ ಕಾರಣವಾಗಬಹುದು.

ಗುರುತಿಸಲು ಒಂದು ಸುಳಿವು ಇದೆ. ತುರಿಕೆ ಪ್ರತಿವರ್ಷ ನಿರ್ದಿಷ್ಟ ಋತುವಿನಲ್ಲಷ್ಟೇ ಕಾಣಿಸಿಕೊಂಡು ಉಳಿದ ಕಾಲದಲ್ಲಿ ಮಾಯವಾಗುತ್ತಿದ್ದರೆ ಆಹಾರ ಕಾರಣವಾಗಿರುವ ಸಂಭವ ಕಡಿಮೆ. ಒಂದೇ ಆಹಾರವನ್ನು ವರ್ಷವಿಡೀ ತಿನ್ನುವ ನಾಯಿಯಲ್ಲಿ ಆಹಾರದ ಅಲರ್ಜಿಯೂ ವರ್ಷವಿಡೀ ಇರುತ್ತದೆ. ಪಥ್ಯಕ್ಕೆ ಮುನ್ನ ಪಶುವೈದ್ಯರಿಂದ ಚರ್ಮದ ಕೆರೆತ ಪರೀಕ್ಷೆ, ಮಲ ಪರೀಕ್ಷೆ ಮಾಡಿಸಿ, ಚಿಗಟ ಮತ್ತು ಉಣ್ಣೆ ನಿವಾರಣೆ ಮುಗಿಸುವುದು ಒಳಿತು.

ರಕ್ತ, ಜೊಲ್ಲು ಅಥವಾ ಕೂದಲಿನ ಮಾದರಿಯಿಂದ ಆಹಾರದ ಅಲರ್ಜಿ ಪತ್ತೆಹಚ್ಚುವುದಾಗಿ ಹೇಳುವ ಪರೀಕ್ಷೆಗಳೂ ಮಾರುಕಟ್ಟೆಯಲ್ಲಿವೆ. ಚರ್ಮರೋಗ ತಜ್ಞರು ಇವುಗಳ ಫಲಿತಾಂಶವನ್ನು ಆಧಾರವಾಗಿ ಒಪ್ಪುವುದಿಲ್ಲ.

ಯಾವ ಪದಾರ್ಥ ಹೆಚ್ಚಿಗೆ ಕಾಡುತ್ತದೆ?

ಆಹಾರದ ಅಲರ್ಜಿ ದೃಢಪಟ್ಟ 297 ನಾಯಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅಂತರರಾಷ್ಟ್ರೀಯ ವಿಮರ್ಶೆಯೊಂದು 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶೇ 34ರಷ್ಟು ನಾಯಿಗಳಿಗೆ ದನದ ಮಾಂಸ, ಶೇ 17ರಷ್ಟಕ್ಕೆ ಹಾಲಿನ ಉತ್ಪನ್ನ, ಶೇ 15ರಷ್ಟಕ್ಕೆ ಕೋಳಿ ಮಾಂಸ, ಶೇ 13ರಷ್ಟಕ್ಕೆ ಗೋಧಿ ಒಗ್ಗುತ್ತಿರಲಿಲ್ಲ. ಸೋಯಾ, ಕುರಿ ಮಾಂಸ, ಗೋವಿನಜೋಳ, ಮೊಟ್ಟೆ ನಂತರದ ಸ್ಥಾನಗಳಲ್ಲಿದ್ದವು. ಅಕ್ಕಿ ಮತ್ತು ಮೀನಿನ ಪಾಲು ತೀರಾ ಕಡಿಮೆ.

ಆಯಾ ಪ್ರದೇಶದ ನಾಯಿಗಳು ಏನನ್ನು ಹೆಚ್ಚು ತಿನ್ನುತ್ತವೋ ಅದರಂತೆ ಈ ಪಟ್ಟಿ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಗದಗ ಸೀಮೆಯ ಮನೆಯೊಂದರಲ್ಲಿ ನಾಯಿಯ ದಿನಚರಿ ಹೀಗಿರುತ್ತದೆ: ಬೆಳಿಗ್ಗೆ ಹಾಲು ಮತ್ತು ಬಿಸ್ಕತ್ತು, ಮಧ್ಯಾಹ್ನ ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿ ಅಥವಾ ಚಪಾತಿ, ಆಗಾಗ ಮೊಟ್ಟೆ, ಭಾನುವಾರ ಕೋಳಿ. ಹೀಗಾಗಿ ಇಲ್ಲಿ ಮೊದಲ ಸಂಶಯ ಹಾಲು, ಗೋಧಿ, ಕೋಳಿ ಹಾಗೂ ಮೊಟ್ಟೆಯ ಮೇಲೆ ಬೀಳಬೇಕು. ಬಿಸ್ಕತ್ತಿನಲ್ಲಿ ಗೋಧಿ ಹಿಟ್ಟು, ಹಾಲಿನ ಪುಡಿ ಎರಡೂ ಇರುತ್ತವೆ ಎಂಬುದು ಗಮನಾರ್ಹ.

ಎಂಟು ವಾರಗಳ ಪಥ್ಯ

ಮೊದಲ ಹೆಜ್ಜೆ ಕಾಗದದ ಮೇಲೆ ನಡೆಯಬೇಕು. ನಾಯಿ ಮನೆಗೆ ಬಂದಂದಿನಿಂದ ತಿಂದ ಎಲ್ಲ ಪದಾರ್ಥಗಳ ಪಟ್ಟಿ ಮಾಡಬೇಕು. ಅಜ್ಜಿ ಕೊಡುವ ಹಾಲಿನ ಕೆನೆ, ಮಕ್ಕಳು ಹಂಚಿಕೊಳ್ಳುವ ಚುರುಮುರಿ, ಪಕ್ಕದ ಮನೆಯವರು ಎಸೆಯುವ ರೊಟ್ಟಿ ಚೂರು ಇವೂ ಪಟ್ಟಿಯಲ್ಲಿರಬೇಕು. ಬಳಿಕ ಆ ಪಟ್ಟಿಯಲ್ಲಿ ಇಲ್ಲದ ಒಂದು ಪ್ರೋಟೀನ್ ಮೂಲ ಮತ್ತು ಒಂದು ಪಿಷ್ಟ ಪದಾರ್ಥವನ್ನು ಆರಿಸಿ, ಎಂಟು ವಾರ ಅವೆರಡನ್ನೇ ಕೊಡಬೇಕು.

ಎಂಟು ವಾರ ಏಕೆ? ಈ ಕುರಿತು 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಶೇ 80ಕ್ಕೂ ಹೆಚ್ಚು ಐದು ವಾರಗಳಲ್ಲಿ ಹಾಗೂ ಶೇ 90ಕ್ಕೂ ಹೆಚ್ಚು ಎಂಟು ವಾರಗಳಲ್ಲಿ ಸುಧಾರಣೆ ತೋರಿದವು. ಹತ್ತೇ ದಿನಕ್ಕೆ "ಗುಣವಾಗಲಿಲ್ಲ" ಎಂದು ಪಥ್ಯ ಕೈಬಿಟ್ಟರೆ ಉತ್ತರ ಸಿಗದು. ಹೊಟ್ಟೆಯ ತೊಂದರೆ ಮಾತ್ರ ಇರುವ ನಾಯಿಗಳಲ್ಲಿ ಎರಡು ವಾರಗಳೊಳಗೆ ಬದಲಾವಣೆ ಕಾಣುವುದುಂಟು.

ಸ್ಥಳೀಯವಾಗಿ ಲಭ್ಯವಿರುವ ಕೆಲವು ಆಯ್ಕೆಗಳು ಹೀಗಿವೆ:

• ಹಾಲು, ರೊಟ್ಟಿ, ಕೋಳಿ, ಮೊಟ್ಟೆ ತಿಂದು ಬೆಳೆದ ನಾಯಿಗೆ ಮೀನು. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ಕಾಟ್ಲಾ, ರೋಹುವಿನಂತಹ ಮೀನುಗಳಲ್ಲಿ ಸೂಕ್ಷ್ಮ ಮುಳ್ಳುಗಳಿರುವುದರಿಂದ ಬೇಯಿಸಿ, ಕೈಯಿಂದ ಕಿವುಚಿ ಮುಳ್ಳನ್ನೆಲ್ಲ ತೆಗೆಯಬೇಕು. ಕೋಳಿಗೆ ಅಲರ್ಜಿ ಇರುವ ಕೆಲವು ನಾಯಿಗಳಿಗೆ ಮೀನೂ ಒಗ್ಗದಿರಬಹುದು.

• ಹಾಲು-ರೊಟ್ಟಿಯಲ್ಲೇ ಬೆಳೆದು ಮಾಂಸ, ಮೊಟ್ಟೆ ಮುಟ್ಟದ ನಾಯಿಗೆ ಕೋಳಿ ಮಾಂಸವೇ ಹೊಸ ಪ್ರೋಟೀನ್ ಆಗುತ್ತದೆ.

• ಕುರಿ, ಆಡಿನ ಮಾಂಸವನ್ನು ಆರಿಸುವಾಗ ಎಚ್ಚರ ಬೇಕು. ಹಾಲು, ದನದ ಮಾಂಸ ಮತ್ತು ಕುರಿ ಮಾಂಸದಲ್ಲಿ ಪರಸ್ಪರ ಹೋಲುವ ಪ್ರೋಟೀನುಗಳಿವೆ. ಹಾಲಿನ ಮೇಲೆ ಸಂಶಯವಿದ್ದರೆ ಇದು ಮೊದಲ ಆಯ್ಕೆಯಲ್ಲ.

• ಪಿಷ್ಟಕ್ಕಾಗಿ ಗೆಣಸು, ಆಲೂಗಡ್ಡೆ ಅಥವಾ ಮೆತ್ತಗೆ ಬೇಯಿಸಿದ ನವಣೆ. ಜೋಳದಲ್ಲಿ ಗೋಧಿಯ ಗ್ಲುಟೆನ್ ಇಲ್ಲವಾದರೂ ಈ ಭಾಗದ ನಾಯಿಗೆ ಅದು ಹೊಸ ಪದಾರ್ಥವಲ್ಲ. ಹಿಂದೆ ಅನ್ನ ತಿಂದಿರದಿದ್ದರೆ ಅಕ್ಕಿಯೂ ಆಗುತ್ತದೆ.

ಮಾಂಸ ಬೇಯಿಸದ ಮನೆಗಳು ಈ ಪಟ್ಟಣಗಳಲ್ಲಿ ಬಹಳಷ್ಟಿವೆ. ಅಂತಹವರಿಗೆ ಪಶುವೈದ್ಯರ ಸಲಹೆಯ ಮೇರೆಗೆ ದೊರೆಯುವ 'ಹೈಡ್ರೊಲೈಸ್ಡ್' ಆಹಾರ ಅನುಕೂಲಕರ. ಇದರಲ್ಲಿ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಗುರುತಿಸಲಾಗದಷ್ಟು ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ. ಸೋಯಾದಿಂದ ತಯಾರಾದದ್ದೂ ಇದೆ. ಬೆಲೆ ಹೆಚ್ಚು, ಆದರೆ ಐದು ಕಿಲೋ ತೂಕದ ನಾಯಿ ತಿನ್ನುವ ಪ್ರಮಾಣವೇ ಕಡಿಮೆ. ಒಂದು ವರ್ಷ ತುಂಬದ ಮರಿಗೂ ಪೋಷಕಾಂಶ ಸಮತೋಲನದ ದೃಷ್ಟಿಯಿಂದ ಮನೆಯಡುಗೆಗಿಂತ, ಮರಿಗಳಿಗೆ ತಕ್ಕದ್ದೆಂದು ವೈದ್ಯರು ಒಪ್ಪಿದ ಸಿದ್ಧ ಆಹಾರವೇ ಸುರಕ್ಷಿತ.

ನಾಯಿಗೆ ಸಸ್ಯಾಹಾರ ಸಾಧ್ಯವೇ ಎಂಬ ಪ್ರಶ್ನೆಯೂ ಏಳುತ್ತದೆ. ಸಾವಿರಾರು ವರ್ಷ ಮನುಷ್ಯರೊಡನೆ ಬಾಳಿದ ನಾಯಿ ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಜೀರ್ಣಿಸಬಲ್ಲದು. ಪೋಷಕಾಂಶಗಳನ್ನು ಲೆಕ್ಕ ಹಾಕಿ ತಯಾರಿಸಿದ ಸಸ್ಯಾಹಾರದಿಂದ ಅದು ಬದುಕಬಲ್ಲದು. ಹಾಲು-ರೊಟ್ಟಿ ಮಾತ್ರ ಅಂತಹ ಸಮತೋಲನದ ಆಹಾರವಲ್ಲ.

ಪಥ್ಯ ಕೆಡಿಸುವ ಸಣ್ಣ ಸಂಗತಿಗಳು

ಎಂಟು ವಾರಗಳ ಶ್ರಮ ಒಂದು ಬಿಸ್ಕತ್ತಿನಿಂದ ವ್ಯರ್ಥವಾಗಬಹುದು. ಮನೆಯ ಹಿರಿಯರು, ಮಕ್ಕಳು, ಕೆಲಸದವರು, ನೆರೆಯವರು ಎಲ್ಲರಿಗೂ ವಿಷಯ ತಿಳಿದಿರಬೇಕು. ಅಡುಗೆಮನೆಯ ಬಾಗಿಲಿಗೆ ಚೀಟಿ ಅಂಟಿಸಿದರೂ ತಪ್ಪಿಲ್ಲ. ಬಾಯಾಡಿಸಲು ಏನಾದರೂ ಕೊಡಲೇಬೇಕೆಂದರೆ ಪಥ್ಯದಲ್ಲಿರುವ ಪದಾರ್ಥವನ್ನೇ ತುಂಡು ಮಾಡಿ ಕೊಡಬಹುದು.

ಮಾಂಸದ ರುಚಿ ಸೇರಿಸಿದ ಜಂತುಹುಳು ಮಾತ್ರೆ, ನಾಯಿಗಳ ಟೂತ್‌ಪೇಸ್ಟ್, ಜಿಲೆಟಿನ್ ಹೊದಿಕೆಯ ಕ್ಯಾಪ್ಸೂಲ್, ಅಗಿಯುವ ಚರ್ಮದ ತುಂಡು ಇವುಗಳಲ್ಲೂ ಪ್ರಾಣಿಜನ್ಯ ಪ್ರೋಟೀನ್ ಇರುತ್ತದೆ. ಔಷಧವನ್ನು ತಾವಾಗಿಯೇ ನಿಲ್ಲಿಸದೆ, ರುಚಿ ಸೇರಿಸದ ಬದಲಿ ಔಷಧ ಬರೆದುಕೊಡುವಂತೆ ವೈದ್ಯರನ್ನು ಕೇಳಬೇಕು.

ಸ್ಟಿರಾಯ್ಡ್ ಚುಚ್ಚುಮದ್ದು ತುರಿಕೆಗೆ ಕಾರಣ ಏನೇ ಇದ್ದರೂ ಅದನ್ನು ತಗ್ಗಿಸುತ್ತದೆ. ಪಥ್ಯದ ಕೊನೆಯ ವಾರಗಳಲ್ಲಿ ಅದರ ಪ್ರಭಾವವಿದ್ದರೆ ಸುಧಾರಣೆ ಔಷಧದಿಂದಲೋ ಆಹಾರದಿಂದಲೋ ತಿಳಿಯದು. ಆರಂಭದಲ್ಲಿ ನಾಯಿಯ ಯಾತನೆ ಕಡಿಮೆ ಮಾಡಲು ಅದು ಬೇಕಾಗಬಹುದು. ಯಾವಾಗ, ಹೇಗೆ ನಿಲ್ಲಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮರುಪರೀಕ್ಷೆ ತಪ್ಪಿಸಬಾರದು

ತುರಿಕೆ ನಿಂತೊಡನೆ ಮನೆಯವರು ನಿಟ್ಟುಸಿರು ಬಿಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹವಾಮಾನ ಬದಲಾವಣೆಯಿಂದಲೂ ತುರಿಕೆ ತಗ್ಗಿರಬಹುದು. ಆದ್ದರಿಂದ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಆಹಾರವೇ ಕಾರಣವಾಗಿದ್ದರೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ತುರಿಕೆ ಮರಳುತ್ತದೆ. ಕೂಡಲೇ ಪಥ್ಯಕ್ಕೆ ಹಿಂದಿರುಗಿ, ನಾಯಿ ಚೇತರಿಸಿಕೊಂಡ ಮೇಲೆ ಹಾಲು, ಗೋಧಿ, ಕೋಳಿ, ಮೊಟ್ಟೆ ಹೀಗೆ ಒಂದೊಂದನ್ನೇ ಒಂದೆರಡು ವಾರ ಸೇರಿಸುತ್ತ ಹೋಗಬೇಕು. ಹಿಂದೆ ಮುಖ ಊದಿಕೊಂಡ, ಉಸಿರಾಟದ ತೊಂದರೆಯಾದ ನಾಯಿಗೆ ಮನೆಯಲ್ಲಿ ಮರುಪರೀಕ್ಷೆ ಮಾಡಬಾರದು.

ಇಷ್ಟು ಮಾಡಿದರೆ ಕೊನೆಗೆ ಸಿಗುವುದು ಒಂದು ಸಣ್ಣ ಪಟ್ಟಿ. ಅದರಲ್ಲಿರುವ ಒಂದೆರಡು ಪದಾರ್ಥಗಳನ್ನು ಬಿಟ್ಟರೆ ಉಳಿದುದನ್ನೆಲ್ಲ ನಾಯಿ ನಿಶ್ಚಿಂತೆಯಿಂದ ತಿನ್ನಬಹುದು. ಮರುಪರೀಕ್ಷೆ ಮಾಡದಿದ್ದರೆ ಜೀವನಪೂರ್ತಿ ಅನಗತ್ಯ ಪಥ್ಯ ಅನುಭವಿಸಬೇಕಾಗುತ್ತದೆ.

ಸಣ್ಣ ನಾಯಿಯ ಅಳತೆ

ಐದು ಕಿಲೋ ತೂಕದ ನಾಯಿಗೆ ವಿಶ್ರಾಂತಿಯಲ್ಲಿರುವಾಗ ದಿನಕ್ಕೆ ಸುಮಾರು 235 ಕಿಲೋಕ್ಯಾಲರಿ ಸಾಕು. ಓಡಾಡುವ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ 330ರಿಂದ 375ರವರೆಗೆ ಬೇಕಾಗಬಹುದು. ಸುಮಾರು ಐದು ಗ್ರಾಂ ತೂಗುವ ಗ್ಲೂಕೋಸ್ ಬಿಸ್ಕತ್ತೊಂದರಲ್ಲಿ 22ರಿಂದ 25 ಕಿಲೋಕ್ಯಾಲರಿ ಇರುತ್ತದೆ. ನಾಲ್ಕು ಬಿಸ್ಕತ್ತು ತಿಂದರೆ ದಿನದ ಅಗತ್ಯದ ಕಾಲುಭಾಗಕ್ಕೂ ಹೆಚ್ಚು ಮುಗಿದಂತೆ. ತಿಂಡಿ-ತಿನಿಸಿನ ಪಾಲು ದಿನದ ಅಗತ್ಯದ ಶೇ 10 ಮೀರಬಾರದು.

ಕೋಳಿ ಮತ್ತು ಅನ್ನದ ಪಥ್ಯ ನಡೆಸುವ ಐದು ಕಿಲೋ ನಾಯಿಗೆ ಒಂದು ಅಂದಾಜು: ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿ 100 ಗ್ರಾಂ, ಅನ್ನ 130 ಗ್ರಾಂ, ಒಂದು ಚಮಚ ಎಣ್ಣೆ. ಇದರಿಂದ ಸುಮಾರು 370 ಕಿಲೋಕ್ಯಾಲರಿ ಸಿಗುತ್ತದೆ. ಇದನ್ನು ಎರಡು ಅಥವಾ ಮೂರು ಬಾರಿ ಹಂಚಿ ಕೊಟ್ಟು, ವಾರಕ್ಕೊಮ್ಮೆ ತೂಕ ನೋಡಿ ಪ್ರಮಾಣ ಹೆಚ್ಚು-ಕಡಿಮೆ ಮಾಡಬೇಕು. ಉಪ್ಪು, ಖಾರ, ಒಗ್ಗರಣೆ ಬೇಡ.

ಇಂತಹ ಅಡುಗೆಯಲ್ಲಿ ಕ್ಯಾಲ್ಸಿಯಂ, ಸತು, ಕೆಲವು ವಿಟಮಿನ್‌ಗಳು ಸಾಲುವುದಿಲ್ಲ. ಆರೋಗ್ಯವಂತ ವಯಸ್ಕ ನಾಯಿ ಎಂಟು ವಾರ ಇದನ್ನು ತಾಳಿಕೊಳ್ಳಬಹುದು. ಮುಂದುವರಿಸುವುದಾದರೆ ವೈದ್ಯರು ಸೂಚಿಸಿದ ಪೂರಕಗಳು ಅನಿವಾರ್ಯ. ಅತಿ ಸಣ್ಣ ಮರಿಗಳು ಹಸಿದಿದ್ದರೆ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ. ಅವುಗಳಿಗೆ ದಿನಕ್ಕೆ ಮೂರು-ನಾಲ್ಕು ಬಾರಿ ಆಹಾರ ಬೇಕು.

ಚೀಲದ ಮೇಲಿನ ಅಕ್ಷರಗಳು

ಮುಂಭಾಗದಲ್ಲಿ ದೊಡ್ಡದಾಗಿ 'ಲ್ಯಾಂಬ್' ಎಂದಿದ್ದರೂ ಹಿಂಬದಿಯ ಪಟ್ಟಿಯಲ್ಲಿ ಕೋಳಿಯ ಪುಡಿ, ಕೋಳಿ ಕೊಬ್ಬು, ಗೋಧಿ ಇರುವುದುಂಟು. ಸಾಮಾನ್ಯ ಮಾರಾಟದ 'ಸೀಮಿತ ಪದಾರ್ಥ'ದ ಆಹಾರಗಳಲ್ಲಿ ಪಟ್ಟಿಯಲ್ಲಿಲ್ಲದ ಪ್ರೋಟೀನುಗಳು ಪತ್ತೆಯಾದ ಅಧ್ಯಯನಗಳೂ ಇವೆ. ಆದ್ದರಿಂದ ಪರೀಕ್ಷಾ ಅವಧಿಗೆ ಇವು ತಕ್ಕುದಲ್ಲ. ಬಿಡಿಯಾಗಿ ತೂಕ ಮಾಡಿ ಕೊಡುವ ಆಹಾರವನ್ನಂತೂ ಸೂಕ್ಷ್ಮ ನಾಯಿಗೆ ತರಲೇಬಾರದು. ಅದರಲ್ಲೇನಿದೆ, ಎಂದು ತಯಾರಾಯಿತು ಎಂಬುದು ಗೊತ್ತಾಗುವುದಿಲ್ಲ.

'ಧಾನ್ಯರಹಿತ' ಎಂಬ ಹಣೆಪಟ್ಟಿಯೂ ಅಲರ್ಜಿಗೆ ಪರಿಹಾರವಲ್ಲ, ಏಕೆಂದರೆ ಪ್ರಾಣಿಜನ್ಯ ಪ್ರೋಟೀನುಗಳೇ ಹೆಚ್ಚಾಗಿ ಕಾಡುತ್ತವೆ. ಇಂತಹ ಆಹಾರಕ್ಕೂ ನಾಯಿಗಳ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಪರಿಶೀಲನೆ ಆರಂಭಿಸಿತ್ತು. ನೇರ ಕಾರಣವೆಂದು ಸಾಬೀತಾಗದಿದ್ದರೂ, ವೈದ್ಯರನ್ನು ಕೇಳದೆ ಅತ್ತ ಹೊರಳುವ ಅಗತ್ಯವಿಲ್ಲ.

ಅಲರ್ಜಿ ಇರಲಿ, ಇಲ್ಲದಿರಲಿ, ಇವು ಬೇಡ

ಗದಗ ಜಿಲ್ಲೆ ಉಳ್ಳಾಗಡ್ಡಿ ಬೆಳೆಗೆ ಹೆಸರಾದದ್ದು. ನಾಯಿಗೆ ಮಾತ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ ವಿಷ. ಇವು ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ದೇಹತೂಕದ ಶೇ 0.5ಕ್ಕಿಂತ ಹೆಚ್ಚು ಉಳ್ಳಾಗಡ್ಡಿ ಒಮ್ಮೆಲೇ ಹೊಟ್ಟೆಗೆ ಹೋದರೆ ಅಪಾಯ. ನಾಲ್ಕು ಕಿಲೋ ನಾಯಿಗೆ ಅದು ಕೇವಲ 20 ಗ್ರಾಂ. ಬೇಯಿಸಿದರೂ, ಹುರಿದರೂ ವಿಷ ಹೋಗದು. ಗಿರ್ಮಿಟ್, ಪಲ್ಯ, ಮಾಂಸದ ಸಾರು ಇವೆಲ್ಲ ಈ ಕಾರಣಕ್ಕೇ ಬೇಡ.

ಬೂಸ್ಟು ಹಿಡಿದ ಶೇಂಗಾ, ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಇದು ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಬೆರೆತ ಸಿಹಿತಿನಿಸು, ಬೇಯಿಸಿದ ಮೂಳೆ ಇವೂ ವರ್ಜ್ಯ. ಮಿರ್ಚಿ ಭಜಿ, ತುಪ್ಪ ಸುರಿದ ಹೋಳಿಗೆಯಂತಹ ಜಿಡ್ಡಿನ ತಿನಿಸು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಯಾಗಬಹುದು. ಹಬ್ಬದ ದಿನಗಳಲ್ಲಿ ವಿಶೇಷ ಎಚ್ಚರ ಅಗತ್ಯ.

ವೈದ್ಯರ ಬಳಿ ತಡಮಾಡದೆ ಹೋಗಬೇಕಾದದ್ದು ಯಾವಾಗ?

ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಒಸಡು ಬಿಳಿಚಿಕೊಳ್ಳುವುದು, ಕಂದು ಬಣ್ಣದ ಮೂತ್ರ, ಮುಖದ ಊತ, ಉಸಿರಾಟದ ತೊಂದರೆ, ತೂಕ ಇಳಿಯುತ್ತಲೇ ಹೋಗುವುದು, ಮರಿ ಆಹಾರ ಬಿಟ್ಟು ಮಂಕಾಗುವುದು ಇವು ಪಥ್ಯದಿಂದ ಸರಿಹೋಗುವ ಲಕ್ಷಣಗಳಲ್ಲ. ಇಂತಹ ಸಂದರ್ಭದಲ್ಲಿ ಗಂಟೆಗಳೂ ಮುಖ್ಯವಾಗುತ್ತವೆ. ಸಣ್ಣ ದೇಹದಲ್ಲಿ ನೀರಿನಂಶ ಬೇಗ ಬತ್ತುತ್ತದೆ.

ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಪಶು ಆಸ್ಪತ್ರೆಗಳಿವೆ. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಪಶುವೈದ್ಯಕೀಯ ಮಹಾವಿದ್ಯಾಲಯ ಗದುಗಿನಲ್ಲೇ ಇದೆ. ವೈದ್ಯರನ್ನು ಕಾಣಲು ಹೋಗುವಾಗ ನಾಯಿ ತಿಂದ ಪದಾರ್ಥಗಳ ಪಟ್ಟಿ, ಆಹಾರ ಚೀಲದ ಹಿಂಬದಿಯ ಚಿತ್ರ, ಹಿಂದೆ ಕೊಟ್ಟ ಔಷಧಗಳ ಚೀಟಿ ಮತ್ತು ತುರಿಕೆ ಎಂದಿನಿಂದ ಆರಂಭವಾಯಿತು ಎಂಬ ಟಿಪ್ಪಣಿಯನ್ನು ಜೊತೆಗೆ ಒಯ್ದರೆ ಅರ್ಧ ಕೆಲಸ ಸುಲಭವಾಗುತ್ತದೆ.